ಉಪಾಧ್ಯಾಯರ ದುಡಿಮೆಗೂ ಒಂದು ದಫ್ತರ ಬೇಡವೆ?

ಹೋಟೆಲಿಗೆ ಹೊಸ ಅಡಿಗೆಯವನು ಕೆಲಸ ಕೇಳಿಕೊಂಡು ಬಂದರೆ ಮಾಲೀಕನು ಅವನ ಕೈಗೆ ಹಿಟ್ಟಿನ ಪಾತ್ರೆಯನ್ನು ಕೊಟ್ಟು ಕಾವಲಿಯ ಮುಂದೆ ನಿಲ್ಲಿಸುತ್ತಾನೆ. ನಾಲ್ಕು ದೋಸೆ ಏಳುವುದರೊಳಗೆ ಅವನ ಕೈಗುಣ ತಿಳಿದುಹೋಗುತ್ತದೆ. ಗುಮಾಸ್ತನ ಯೋಗ್ಯತೆಗೆ ಅವನು ಬರೆದಿಟ್ಟ ಲೆಕ್ಕದ ಪುಸ್ತಕವೇ ಸಾಕ್ಷಿ. ಉಪಾಧ್ಯಾಯರ ಕೆಲಸವು ಹಾಗಲ್ಲ. ಅಕ್ಷರವರಿಯದ ಮಗುವೊಂದು ವರ್ಷದ ಕೊನೆಗೆ ತಡವರಿಸದೆ ಓದತೊಡಗಿದರೆ ಅದರ ಹಿಂದೆ ಅನೇಕ ತಿಂಗಳುಗಳ ತಾಳ್ಮೆಯಿರುತ್ತದೆ. ಆದರೆ ಕರಿಹಲಗೆಯನ್ನು ಒರೆಸಿದೊಡನೆ ಆ ದಿನದ ದುಡಿಮೆಯ ಗುರುತೂ ಅಳಿಸಿಹೋಗುತ್ತದೆ. ಹೊಸ ಶಾಲೆಯಲ್ಲಿ ಕೆಲಸಕ್ಕೆ ನಿಂತಾಗ ಅರ್ಧ ಗಂಟೆಯ ಮಾದರಿ ಪಾಠದಿಂದ ಹತ್ತು ವರ್ಷದ ಅನುಭವವನ್ನು ಅಳೆಯುತ್ತಾರೆ. ಇದು ನ್ಯಾಯವೆಂದು ಯಾರು ಹೇಳಿಯಾರು?

ಇದು ಪಂಡಿತರ ವಿಷಯ, ಹೋಟೆಲಿನವರಿಗೂ ಗುಮಾಸ್ತರಿಗೂ ಇದರಿಂದ ಆಗಬೇಕಾದುದೇನು ಎಂದು ಕೆಲವು ವಾಚಕರು ಕೇಳಬಹುದು. ಈ ನಗರದಲ್ಲಿ ನೆಲೆಸಿದ ನಮ್ಮವರ ಮನೆಗಳನ್ನು ಒಮ್ಮೆ ನೆನೆದು ನೋಡಿರಿ. ತಂದೆಯು ಒಲೆಯ ಮುಂದೆಯೋ ಗಲ್ಲಾಪೆಟ್ಟಿಗೆಯ ಮುಂದೆಯೋ ಆಯುಷ್ಯವನ್ನು ಸವೆಸಿರುತ್ತಾನೆ. ಮಗಳೋ ಸೊಸೆಯೋ ಬಿ.ಎಡ್. ಮುಗಿಸಿ ಓಣಿಯ ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಸರಕಾರಿ ಶಿಕ್ಷಕರಿಗೆ ಸೇವಾ ಪುಸ್ತಕವೆಂಬುದೊಂದಿದೆ. ಸಣ್ಣ ಖಾಸಗಿ ಶಾಲೆಯ ಉಪಾಧ್ಯಾಯಿನಿಗೆ ಅನೇಕ ಸಲ ಆಡಳಿತದವರು ಬರೆದುಕೊಟ್ಟ ಒಂದು ಅನುಭವಪತ್ರವೇ ಗತಿ. ಶಾಲೆ ಮುಚ್ಚಿದರೆ, ಆಡಳಿತ ಬದಲಾದರೆ, ಮನಸ್ತಾಪವಾದರೆ ಅದೂ ಇಲ್ಲ. ಹೊಸ ಬಾಗಿಲಲ್ಲಿ ನಿಂತು ಆಕೆಯು ಮೊದಲ ದಿನದವಳಂತೆ ಸಂಬಳ ಮಾತನಾಡಬೇಕಾಗುತ್ತದೆ. ಆದುದರಿಂದ ಇದು ನಮ್ಮ ಮನೆಯ ಅನ್ನದ ಪ್ರಶ್ನೆಯೇ ಹೊರತು ಪಂಡಿತರ ಚರ್ಚೆಯಲ್ಲ.

ಇದಕ್ಕೆ ಈಗ ಒಂದು ಉಪಾಯವಿದೆ. ಪೋರ್ಟ್‌ಫೋಲಿಯೊ ಎಂದು ಅದರ ಹೆಸರು. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ಕೆಲಸವನ್ನು ಕೂಡಿಸಿಡುವ ಕಡತಕ್ಕೆ ಕೃತಿಸಂಪುಟವೆನ್ನುತ್ತಾರೆ, ಅದೇ ಹೆಸರು ಉಪಾಧ್ಯಾಯರ ಕಡತಕ್ಕೂ ಸಲ್ಲುತ್ತದೆ. ಚಿತ್ರಕಾರನು ತನ್ನ ಚಿತ್ರಗಳನ್ನು ಕಂಕುಳಲ್ಲಿ ಹಿಡಿದು ಹೋಗುವಂತೆ ಬೋಧಕನೂ ತನ್ನ ಕೆಲಸದ ಸಾಕ್ಷ್ಯವನ್ನು ಕೂಡಿಸಿಡಬೇಕೆಂದು ಕೆನಡದ ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಂಘವು ೧೯೮೦ರಲ್ಲಿಯೇ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಅದೇ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೀ ಶುಲ್ಮನ್ ಎಂಬ ವಿದ್ವಾಂಸರು ಶಾಲಾ ಶಿಕ್ಷಕರ ಯೋಗ್ಯತೆಯನ್ನು ಬರಿಯ ಪರೀಕ್ಷೆಯಿಂದಲ್ಲದೆ ಇಂತಹ ಸಂಪುಟದಿಂದ ಅಳೆಯುವ ಪ್ರಯೋಗ ನಡೆಸಿದರು. ಅಂದು ಅದು ಕಾಗದದ ಕಟ್ಟು. ಇಂದು ಫೋನಿನಲ್ಲಿಯೇ ಅಡಗುವ ವಿದ್ಯುನ್ಮಾನ ಸಂಪುಟ.

ಅದರಲ್ಲಿ ಇಡತಕ್ಕುದೇನು? ಪದವಿ ಮತ್ತು ತರಬೇತಿಯ ಪ್ರಮಾಣಪತ್ರಗಳು. ಒಳ್ಳೆಯ ನಾಲ್ಕಾರು ಪಾಠಗಳ ಟಿಪ್ಪಣಿ. ಒಂದೇ ಮಗುವಿನ ಜೂನ್ ತಿಂಗಳ ಬರೆಹ, ಅದರ ಪಕ್ಕದಲ್ಲಿ ಫೆಬ್ರವರಿಯ ಬರೆಹ. ಪಾಠ ಹೇಳುವ ಐದು ನಿಮಿಷದ ಧ್ವನಿಮುದ್ರಣ. ಇವೆಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದರ ಕೆಳಗೂ ಉಪಾಧ್ಯಾಯರ ಸ್ವಂತ ಮಾತಿನ ನಾಲ್ಕು ಸಾಲು: ಏನು ಮಾಡಿದೆನು, ಏಕೆ ಮಾಡಿದೆನು, ಎಲ್ಲಿ ಫಲಿಸಲಿಲ್ಲ, ಮುಂದಿನ ವರ್ಷ ಹೇಗೆ ಮಾಡುವೆನು. ಈ ನಾಲ್ಕು ಸಾಲುಗಳಿಲ್ಲದಿದ್ದರೆ ಸಂಪುಟವು ಮದುವೆಯ ಫೋಟೋ ಆಲ್ಬಮಿಗಿಂತ ಹೆಚ್ಚಿನದಾಗದು.

ಸಾಧನಗಳಿಗಾಗಿ ಸಾಲ ಮಾಡಬೇಕಾಗಿಲ್ಲ. ಕೈಯಲ್ಲಿರುವ ಫೋನಿನ ಕ್ಯಾಮರಾ ಕಾಗದವನ್ನು ಸ್ಕ್ಯಾನ್ ಮಾಡಿಕೊಡುತ್ತದೆ. ಗೂಗಲ್ ಡ್ರೈವಿನಲ್ಲಿ ೧೫ ಜಿ.ಬಿ. ಜಾಗ ಪುಕ್ಕಟೆಯಾಗಿ ದೊರೆಯುತ್ತದೆ. ಗೂಗಲ್ ಸೈಟ್ಸ್ ಎಂಬುದರಲ್ಲಿ ಒಂದು ಪುಟವನ್ನು ಕಟ್ಟಿಕೊಂಡರೆ ಎಲ್ಲಕ್ಕೂ ಅದೇ ವಿಷಯಸೂಚಿಯಾಗುತ್ತದೆ. ಕೇಂದ್ರ ಸರಕಾರವು ೨೦೧೫ರಲ್ಲಿ ತೆರೆದ ಡಿಜಿಲಾಕರ್ ಇದೆ. ಇಲ್ಲೊಂದು ಸೂಕ್ಷ್ಮವನ್ನು ಅರಿತಿರಬೇಕು. ವಿಶ್ವವಿದ್ಯಾಲಯವೋ ಪರೀಕ್ಷಾ ಮಂಡಲಿಯೋ ನೇರವಾಗಿ ಅದರಲ್ಲಿ ಒದಗಿಸಿದ ಪತ್ರಕ್ಕೆ ನಿಯಮಗಳ ಪ್ರಕಾರ ಮೂಲಪತ್ರದ ಬೆಲೆಯಿದೆ. ನಾವೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗೆ ಆ ಬೆಲೆಯಿಲ್ಲ. ೨೦೧೭ರಲ್ಲಿ ಆರಂಭವಾದ ದೀಕ್ಷಾ ಜಾಲದಲ್ಲಿ ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರ ದೊರೆಯುತ್ತದೆ. ಅದನ್ನು ಅಂದೇ ಇಳಿಸಿಕೊಂಡು ಸಂಪುಟಕ್ಕೆ ಸೇರಿಸಬೇಕು.

ಸಾಧನಕ್ಕಿಂತ ಶಿಸ್ತು ದೊಡ್ಡದು. ಅದು ನಮ್ಮ ಗುಮಾಸ್ತ ಬಂಧುಗಳಿಗೆ ಚೆನ್ನಾಗಿ ತಿಳಿದ ವಿದ್ಯೆ. ಕಡತಕ್ಕೆ ಹೆಸರಿಡುವಾಗ ವರ್ಷ, ತರಗತಿ, ವಿಷಯ ಈ ಕ್ರಮವನ್ನು ಬಿಡಬಾರದು. ಕೂಡಿಸುವುದರ ಜೊತೆಗೆ ಕಳೆಯುವುದನ್ನೂ ಕಲಿಯಬೇಕು. ನೂರು ಫೋಟೋಗಳಿಗಿಂತ ಆರಿಸಿದ ಐದು ಲೇಸು. ಒಂದು ಪ್ರತಿ ಜಾಲದಲ್ಲಿದ್ದರೆ ಇನ್ನೊಂದು ಪೆನ್‌ಡ್ರೈವಿನಲ್ಲಿರಬೇಕು. ಬಹುಮುಖ್ಯವಾದುದೆಂದರೆ, ಶಾಲೆಯವರು ಕೊಟ್ಟ ಇ-ಮೇಲ್ ಖಾತೆಯಲ್ಲಿ ಸಂಪುಟವನ್ನು ಕಟ್ಟಬಾರದು. ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ, ಅದರೊಡನೆ ಹತ್ತು ವರ್ಷದ ಶ್ರಮವೂ ಮುಚ್ಚುತ್ತದೆ. ಖಾತೆ ಸ್ವಂತದ್ದಿರಲಿ, ಗುಪ್ತಪದವೂ ಸ್ವಂತದ್ದೇ ಇರಲಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಟಿಪ್ಪಣಿಯನ್ನು ಬೇರೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದುದು ಎಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಇವೆ.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಅವಶ್ಯ. ಮಗುವಿನ ಮುಖ, ಹೆಸರು, ಅಂಕಗಳನ್ನು ಊರಿಗೆಲ್ಲ ತೋರಿಸುವ ಹಕ್ಕು ಉಪಾಧ್ಯಾಯರಿಗಿಲ್ಲ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ೧೮ ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. ಕಾಯಿದೆಯ ಮಾತು ಹಾಗಿರಲಿ, ಬರೆಹದ ಮೇಲಿನ ಹೆಸರನ್ನು ಮುಚ್ಚಿ ಚಿತ್ರ ತೆಗೆಯುವುದಕ್ಕೆ ಒಂದು ಚೂರು ಕಾಗದ ಸಾಕು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಒಳ್ಳೆಯ ಗುರುವಿಗೆ ಶಿಷ್ಯರೇ ಸಾಕ್ಷಿ, ಈ ಆಡಂಬರವೇಕೆ ಎನ್ನುವ ಹಿರಿಯರಿದ್ದಾರೆ. ಅವರ ಮಾತು ಗೌರವಾರ್ಹವಾದುದು. ಆದರೆ ಶಿಷ್ಯರು ದೇಶಾಂತರ ಹೋಗುತ್ತಾರೆ, ಕೆಲಸ ಕೊಡುವವನು ಅವರನ್ನು ಹುಡುಕಿಕೊಂಡು ಹೋಗುವುದಿಲ್ಲ. ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಹಾಜರಿ, ಅಂಕಪಟ್ಟಿ, ಪಾಲಕರ ವಾಟ್ಸಾಪ್ ಬಳಗ ಇವುಗಳ ನಡುವೆ ಉಪಾಧ್ಯಾಯರು ಈಗಾಗಲೇ ಬೇಸತ್ತಿದ್ದಾರೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿ ತರಬೇತಿ ಪಡೆಯಬೇಕೆಂದು ನಿರೀಕ್ಷಿಸುತ್ತದೆ. ಇದರ ಮೇಲೆ ಸಂಪುಟವನ್ನೂ ಆಜ್ಞೆಯಾಗಿ ಹೇರಿದರೆ ಅದು ಇನ್ನೊಂದು ಬಿಟ್ಟಿಚಾಕರಿಯಾದೀತು. ಶಾಲೆಯ ಆಡಳಿತದವರಿಗೆ ನಾವು ಸ್ಪಷ್ಟವಾಗಿ ಹೇಳಬಯಸುವುದಿಷ್ಟೆ: ಸಂಪುಟವು ಉಪಾಧ್ಯಾಯರ ಸೊತ್ತು, ನಿಮ್ಮ ತಪಾಸಣೆಯ ದಾಖಲೆಯಲ್ಲ, ನಿಮ್ಮ ಜಾಹೀರಾತೂ ಅಲ್ಲ. ವಾರಕ್ಕೆ ಅರ್ಧ ಗಂಟೆಯ ಬಿಡುವನ್ನು ಕೊಡಬಲ್ಲಿರಾದರೆ ಕೊಡಿರಿ, ಇಲ್ಲವಾದರೆ ದೂರವಿರಿ.

ಜೀವನೋಪಾಯದ ಮಾತು ಇಷ್ಟಾದರೆ, ಭಾಷೆಯ ಮಾತು ಬೇರೆಯಿದೆ. ೧೯೫೬ರಲ್ಲಿ ಹೈದರಾಬಾದು ಸಂಸ್ಥಾನವು ಒಡೆದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರಿಗೆ ಸೇರಿದಾಗ ಈ ನಗರದ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿ ಉಳಿದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ ೩೫೦ಎ ವಿಧಿಯು ಇಂತಹವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಹೇಳುತ್ತದೆ. ವಿಧಿಯು ಪುಸ್ತಕದಲ್ಲಿದೆ, ಅದನ್ನು ಜೀವಂತವಾಗಿಟ್ಟವರು ಕಾಚಿಗುಡದ ನೃಪತುಂಗ ಶಾಲೆಯಂತಹ ಕಡೆಗಳಲ್ಲಿ ದುಡಿದ ಉಪಾಧ್ಯಾಯರು.

ಇಲ್ಲಿ ಕನ್ನಡ ಕಲಿಸುವುದು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕಲಿಸಿದಂತಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗು ಅದು. ತೆಲುಗಿನ ತಲೆಕಟ್ಟನ್ನು ತಂದು ಕನ್ನಡದ ಅಕ್ಷರಕ್ಕೆ ಕಟ್ಟುತ್ತದೆ. ತೆಲುಗಿನಲ್ಲಿ ‘ಇಲ್ಲು’ ಎಂದರೆ ಮನೆ, ಕನ್ನಡದಲ್ಲಿ ‘ಇಲ್ಲ’ ಎಂದರೆ ಬೇರೆಯೇ. ತೆಲುಗಿನ ‘ಪಾಟ’ ಹಾಡು, ನಮ್ಮ ‘ಪಾಠ’ ಪುಸ್ತಕದ್ದು. ಈ ತೊಡಕುಗಳನ್ನು ಬಿಡಿಸುವ ಜಾಣ್ಮೆ ಬೆಂಗಳೂರಿನಲ್ಲಿ ಅಚ್ಚಾದ ಪಠ್ಯಪುಸ್ತಕದಲ್ಲಿರುವುದಿಲ್ಲ. ಇಲ್ಲಿ ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳಿದವರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾದಾಗ ಶಾಲು ಹೊದಿಸಿ ಕಳುಹಿಸುತ್ತೇವೆ. ಅವರ ಟಿಪ್ಪಣಿ ಪುಸ್ತಕಗಳು ಅಟ್ಟ ಸೇರಿ, ಮನೆ ಬದಲಿಸುವಾಗ ರದ್ದಿಯವನ ತಕ್ಕಡಿಗೆ ಬೀಳುತ್ತವೆ. ಮರುವರ್ಷ ಬಂದ ಹೊಸ ಉಪಾಧ್ಯಾಯಿನಿಯು ಅದೇ ತೊಡಕನ್ನು ಮೊದಲಿನಿಂದ ಬಿಡಿಸುತ್ತ ಕೂರುತ್ತಾಳೆ. ಇದಕ್ಕಿಂತ ದೊಡ್ಡ ನಷ್ಟ ನಮ್ಮ ಸಮಾಜಕ್ಕೆ ಬೇರೊಂದಿಲ್ಲ.

ಆದುದರಿಂದ ನಮ್ಮ ಸೂಚನೆಯಿದು. ಕಂಪ್ಯೂಟರು ಬಲ್ಲ ಗುಮಾಸ್ತ ತರುಣರು ತಿಂಗಳಿಗೆ ಎರಡು ಭಾನುವಾರ ತಲಾ ಎರಡು ಗಂಟೆಗಳನ್ನು ಮೀಸಲಿಡಲಿ. ಕನ್ನಡ ಸಂಘಗಳು ತಮ್ಮ ಕೊಠಡಿಯಲ್ಲಿ ಒಂದು ಕಂಪ್ಯೂಟರನ್ನೂ ಸ್ಕ್ಯಾನರನ್ನೂ ಇಡಲಿ. ಹೋಟೆಲಿನ ಮಾಲೀಕರು ಒಂದು ದಿನದ ಕಾಫಿಯ ಲಾಭವನ್ನು ಕೊಟ್ಟರೆ ಅದರ ಖರ್ಚಿಗೆ ಬಹುಮಟ್ಟಿಗೆ ಒದಗೀತು. ನಿವೃತ್ತ ಉಪಾಧ್ಯಾಯರ ಟಿಪ್ಪಣಿಗಳಿಂದಲೇ ಮೊದಲು ಮಾಡಿರಿ; ಅವರು ಓದಿ ಹೇಳಲಿ, ತರುಣರು ಬರೆದುಕೊಳ್ಳಲಿ. ಖಾಸಗಿ ಶಾಲೆಯ ಹೆಣ್ಣುಮಕ್ಕಳು ಅಂದೇ ತಮ್ಮ ಪ್ರಮಾಣಪತ್ರಗಳನ್ನು ತಂದು ಸಂಪುಟವನ್ನು ಆರಂಭಿಸಲಿ. ಹೋಟೆಲಿನಲ್ಲಿ ದುಡಿಯುವ ಬಂಧುಗಳು ಮಾಡಬೇಕಾದ ಕೆಲಸವೂ ಒಂದಿದೆ: ಮನೆಯಲ್ಲಿ ಉಪಾಧ್ಯಾಯಿನಿಯಿದ್ದರೆ ಈ ಲೇಖನವನ್ನು ಆಕೆಯ ಕೈಗೆ ಕೊಡಿರಿ, ವಾರಕ್ಕೊಂದು ಸಂಜೆ ಅರ್ಧ ಗಂಟೆ ಆಕೆಗೆ ಮನೆಗೆಲಸದ ಕರೆ ಬಾರದಂತೆ ನೋಡಿಕೊಳ್ಳಿರಿ.