ಸಭೆಯ ಬಾಗಿಲಲ್ಲಿ ಪೊಲೀಸರು

ಹೊನವಾಡ ಇಂದು ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿಗೆ ಸೇರಿದ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಅದು ಉಳಿದ ವಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯದಲ್ಲಿತ್ತು. ಅಂದು ಅಲ್ಲಿಯ ಜನ ಬಯಲಿನಲ್ಲಿ ಸಭೆ ಸೇರಿ ವಾದಕ್ಕಿಳಿದರೆ ಅವರ ತಲೆಯ ಮೇಲಿದ್ದುದು 1951ರ ಮುಂಬಯಿ ಪೊಲೀಸ್ ಕಾಯಿದೆ. ಕಾಲಕ್ರಮದಲ್ಲಿ ಮೈಸೂರು ರಾಜ್ಯದ 1963ರ ಕಾಯಿದೆ ಅದರ ಸ್ಥಾನಕ್ಕೆ ಬಂದಿತು. ಆದರೆ ಬೀದಿ ಯಾರದು, ಅಲ್ಲಿ ನಿಂತು ಮಾತನಾಡಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆ ಆ ಹಳೆಯ ಕಾಯಿದೆಯಿಂದಲೇ ಎದ್ದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು.

ಅಹಮದಾಬಾದಿನಲ್ಲಿ ವಿದ್ಯಾರ್ಥಿಗಳ ಸಂಘಟನೆಯೊಂದರ ಬಹಿರಂಗ ಸಭೆಗೆ ಪೊಲೀಸ್ ಕಮಿಷನರರು ಅನುಮತಿ ನಿರಾಕರಿಸಿದ್ದರು. ಹಿಮ್ಮತ್‌ಲಾಲ್ ಶಾ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ 1972ರಲ್ಲಿ ತೀರ್ಪು ಹೊರಬಿದ್ದಿತು. ಯಾವಾಗ ಕೊಡಬೇಕು, ಯಾವಾಗ ಕೊಡಬಾರದು ಎಂಬ ಅಳತೆಯೇ ಇಲ್ಲದೆ ಅನುಮತಿಯನ್ನು ಅಧಿಕಾರಿಯ ಮರ್ಜಿಗೆ ಬಿಟ್ಟ ನಿಯಮ ರದ್ದಾಯಿತು. ಸಂಚಾರಕ್ಕೂ ಶಾಂತಿಗೂ ಬೇಕಾದ ಕಟ್ಟಳೆಗಳನ್ನು ಸರಕಾರ ಮಾಡಬಹುದು. ಬೀದಿಯ ಬಾಗಿಲನ್ನೇ ಮುಚ್ಚುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಅನುಮತಿಯ ಅರ್ಜಿ ಬಂದಾಗ ಠಾಣೆಯಲ್ಲಿ ಸಾಮಾನ್ಯವಾಗಿ ಏಳುವ ಮಾತೆಂದರೆ, “ಗಲಾಟೆಯಾದೀತು” ಎಂಬುದು. ಗಲಾಟೆ ಮಾಡುವವರು ಯಾರೆಂಬ ಪ್ರಶ್ನೆ ಅಷ್ಟು ಬೇಗ ಏಳುವುದಿಲ್ಲ. ಭಾಷಣಕಾರನನ್ನು ತಡೆಯುವುದು ಸುಲಭ. ಅವನ ಹೆಸರು ಕರಪತ್ರದಲ್ಲಿಯೇ ಅಚ್ಚಾಗಿರುತ್ತದೆ. ಕಲ್ಲು ಹಿಡಿದು ಬರುವವನು ಹೆಸರು ಅಚ್ಚು ಹಾಕಿಸಿಕೊಂಡು ಬರುವುದಿಲ್ಲ. ಮೀಸಲಾತಿಯನ್ನು ಕುರಿತ ತಮಿಳು ಚಲನಚಿತ್ರ ‘ಒರೇ ಒರು ಗ್ರಾಮತ್ತಿಲೇ’ಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಈ ಸುಲಭದ ದಾರಿಯನ್ನು ಕಟ್ಟಿಹಾಕಿತು. ಪ್ರತಿಭಟನೆಯ, ಹಿಂಸೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಅಡಗಿಸಕೂಡದು, ವಿರೋಧಿಗಳನ್ನು ನಿಭಾಯಿಸಲು ತನ್ನಿಂದಾಗದೆಂದು ಸರಕಾರ ಹೇಳಕೂಡದು ಎಂದಿತು.

ಇದರಿಂದ ಎಲ್ಲ ಮಾತಿಗೂ ರಕ್ಷೆ ದೊರೆಯಿತೆಂದಲ್ಲ. ಹೊಡೆಯಿರಿ, ಸುಡಿರಿ ಎಂದು ಜನರನ್ನು ಎಬ್ಬಿಸುವ ನಾಲಗೆಗೆ ಸಂವಿಧಾನದ ಆಸರೆಯಿಲ್ಲ. ಹಾಗೆಯೇ ಮಾತಿಗೆ ಒಪ್ಪದವನೂ ಹೊರಗೆ ನಿಂತು ಕಪ್ಪು ಬಾವುಟ ಹಿಡಿಯಬಹುದು; ಒಳನುಗ್ಗಿ ಧ್ವನಿವರ್ಧಕದ ತಂತಿಯನ್ನು ಕಿತ್ತರೆ ಮಾತ್ರ ಅದು ಬೇರೆಯವರ ಹಕ್ಕಿನ ಅಪಹರಣ. ಈ ಎರಡರ ನಡುವೆ ಹತ್ತು ಮಾರು ಅಂತರವನ್ನು ಕಾಯುವುದರಲ್ಲಿಯೇ ಪೊಲೀಸರ ಜಾಣ್ಮೆಯೆಲ್ಲ ಅಡಗಿದೆ. ಕೇಳಲು ಬಂದವನ ಪಾಡನ್ನಂತೂ ಯಾರೂ ನೆನೆಯುವುದಿಲ್ಲ. ಮುಂದಿನ ಸಾಲು ಗಣ್ಯರಿಗೆ, ಹಿಂದಿನ ಸಾಲು ಮಫ್ತಿಯಲ್ಲಿ ಬಂದ ಪೊಲೀಸರಿಗೆ. ಟಿಪ್ಪಣಿ ಬರೆದುಕೊಳ್ಳುವ ಶ್ರದ್ಧೆಯಲ್ಲಿ ಆ ಹಿಂದಿನ ಸಾಲಿನವರನ್ನು ಮೀರಿಸುವ ಶ್ರೋತೃಗಳಿಲ್ಲವೆಂಬುದನ್ನೂ ಒಪ್ಪಬೇಕು. ಊರಿನ ಮಾಸ್ತರನಿಗೆ, ಕಾಲೇಜಿನ ಹುಡುಗಿಗೆ ಉಳಿಯುವುದು ಹೊಸ್ತಿಲು.

2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬೆಂಗಳೂರೇ ಈ ಹೊಸ್ತಿಲಿನಲ್ಲಿ ನಿಂತಿತು. ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ಸಭೆಗಳು ನಿಶ್ಚಯವಾಗಿದ್ದಾಗ 144ನೆಯ ಕಲಮಿನ ನಿಷೇಧಾಜ್ಞೆ ಜಾರಿಯಾಯಿತು. ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಹಿಡಿದೆಳೆದು ಕರೆದೊಯ್ದರು. ಆ ಆಜ್ಞೆ ಕಾನೂನುಬಾಹಿರವೆಂದು ಹೈಕೋರ್ಟು ಹೇಳಿದ್ದು 2020ರ ಫೆಬ್ರವರಿ 13ರಂದು. ನ್ಯಾಯವೇನೋ ದೊರೆಯಿತು, ಸಭೆಯ ದಿನ ಕಳೆದು ಎರಡು ತಿಂಗಳಾಗಿತ್ತು.

ಆದರೆ ವಿಜಯಪುರ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಕಹಿಯಾದ ನೆನಪೊಂದಿದೆ. ಸಂಶೋಧಕ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಯರಗಲ್ಲದವರು. ವಚನ ಸಾಹಿತ್ಯಕ್ಕಾಗಿಯೇ ಬಾಳಿದವರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ‘ಮಾರ್ಗ’ದ ಬರಹಗಳಿಗಾಗಿ 1989ರಲ್ಲಿ ಅವರ ಮೇಲೆ ಒತ್ತಡ ಬಿದ್ದಿತು, ಬರೆದುದನ್ನು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವವನ್ನುಳಿಸಲು ಹಾಗೆ ಮಾಡಿದೆನೆಂದೂ, ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೂ ಅವರೇ ಹೇಳಿಕೊಂಡರು. ಅಂದು ಸಭೆಯನ್ನು ಪೊಲೀಸರು ತಡೆದಿರಲಿಲ್ಲ, ಸಭೆಯೇ ಬೇಕಾಗಲಿಲ್ಲ.

ಮತ್ತೆ 2014ರ ಜೂನ್‌ನಲ್ಲಿ, ಬೆಂಗಳೂರಿನಲ್ಲಿ ಮೂಢನಂಬಿಕೆ ನಿಷೇಧದ ಮಸೂದೆಯನ್ನು ಕುರಿತು ನಡೆದ ವಿಚಾರಸಂಕಿರಣದಲ್ಲಿ, ಅನಂತಮೂರ್ತಿಯವರ ಬರಹವೊಂದನ್ನು ಉಲ್ಲೇಖಿಸಿ ಮೂರ್ತಿಪೂಜೆಯ ವಿಷಯವಾಗಿ ಅವರು ಮಾತನಾಡಿದರು. ಸಭೆ ಮುಗಿಯಿತು, ಮಾತು ಮುಗಿಯಲಿಲ್ಲ. ದೂರುಗಳು ದಾಖಲಾದವು, ಪ್ರತಿಭಟನೆಗಳಾದವು. ಧಾರವಾಡದ ಕಲ್ಯಾಣನಗರದ ಮನೆಗೆ ಪೊಲೀಸ್ ಕಾವಲು ಬಂದಿತು. ಅಧ್ಯಾಪಕನ ಮನೆಯೆಂದರೆ ಹೊತ್ತು ನೋಡದೆ ವಿದ್ಯಾರ್ಥಿಗಳು ಬರುವ ಮನೆ. ಬರುವವರನ್ನೆಲ್ಲ ತಡೆದು ಹೆಸರು ಕೇಳುವ ಕಾವಲು ಅಂಥ ಮನೆಗೆ ಒಗ್ಗುವುದೆಂತು? ಕಾವಲು ಬೇಡವೆಂದು ಅವರೇ ಹೇಳಿದರು, ಅದನ್ನು ತೆಗೆಯಲಾಯಿತು.

ಅವರ ಕೋರಿಕೆಯನ್ನು ಮನ್ನಿಸಿದ ಪೊಲೀಸರನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ. ಕಾವಲನ್ನು ವಿದ್ವಾಂಸನ ಮನೆಯ ಮುಂದೆ ನಿಲ್ಲಿಸಿದಷ್ಟು ಎಚ್ಚರದಿಂದ, ಬೆದರಿಸುತ್ತಿದ್ದವರ ಹೆಜ್ಜೆಗಳನ್ನು ಅರಸಲಾಯಿತೇ ಎಂಬುದು ಮಾತ್ರ ಕೇಳಲೇಬೇಕಾದ ಪ್ರಶ್ನೆ.

2015ರ ಆಗಸ್ಟ್ 30, ಭಾನುವಾರದ ಬೆಳಗ್ಗೆ. ಮೋಟಾರು ಸೈಕಲ್ಲಿನಲ್ಲಿ ಇಬ್ಬರು ಬಂದರು. ಅವರಲ್ಲೊಬ್ಬನು ಬಾಗಿಲು ತಟ್ಟಿದನು. ಕಲಬುರ್ಗಿಯವರ ಪತ್ನಿ ಬಾಗಿಲು ತೆರೆದು, ಯಾರೋ ಬಂದಿದ್ದಾರೆಂದು ಪತಿಯನ್ನು ಕರೆದರು. ಎಪ್ಪತ್ತಾರು ವರ್ಷದ ಮೇಷ್ಟ್ರು, ಎಂದಿನಂತೆ, ಬಂದವರನ್ನು ಕಾಣಲು ಬಾಗಿಲಿಗೆ ಬಂದರು.