ತಿಳೀಲಿಲ್ಲ ಅಂದ್ರ ದೊಡ್ಡ ಮಾತಲ್ಲ

ಹ್ವಾದ ಶುಕ್ರವಾರ ಓಣ್ಯಾಗ ಒಬ್ಬರ ಮನಿಗೆ ಅರಿಷಿಣ-ಕುಂಕುಮಕ್ಕ ಹೋಗಿದ್ದೆ. ಅಲ್ಲೆ ಫೋನಿನ್ಯಾಗ ಯಾರದೋ ಪ್ರವಚನ ಹಚ್ಚಿದ್ರು. “ಮೌನದ ಗರ್ಭದಲ್ಲೇ ಶಬ್ದದ ಬೆಳಕಿದೆ” ಅಂತ ಬಂತು. ಎಲ್ಲಾರೂ ಆಹಾ ಅಂದ್ರು. ನಾನು “ಅಂದ್ರ ಏನ್ರಿ?” ಅಂದೆ. “ಅದು ಅನುಭವಕ್ಕ ಬರಬೇಕ್ರಿ” ಅಂತ ನನ್ನ ಬಾಯಿ ಮುಚ್ಚಿಸಿದ್ರು.

ಮನಿಗೆ ಬಂದು ಆ ಮಾತು ಹೊಳ್ಳಿಸಿ ನೋಡಿದೆ. “ಬೆಳಕಿನ ಗರ್ಭದಲ್ಲೇ ಮೌನದ ಶಬ್ದವಿದೆ.” ಇದೂ ಅಷ್ಟೇ ಛಂದ ಕೇಳಸ್ತದ! ಅದೇ “ಹಾಲಿಗೆ ಹೆಪ್ಪು ಹಾಕಿದ್ರ ಮಸರಾಗ್ತದ” ಅನ್ನೂದನ್ನ ಹೊಳ್ಳಿಸಿ, ಮಸರಿಗೆ ಹೆಪ್ಪು ಹಾಕಿದ್ರ ಹಾಲಾಗ್ತದ ಅನ್ರಿ, ಸಣ್ಣ ಹುಡುಗರೂ ನಗತಾವ. ತಲಿಕೆಳಗ ಮಾಡಿದ್ರೂ ಏನೂ ಚೆಲ್ಲಲಿಲ್ಲ ಅಂದ್ರ ಪಾತ್ರಿ ಖಾಲಿ ಅದ ಅಂತ ತಿಳೀಬೇಕು.

ಇದು ನಮ್ಮ ಓಣಿ ಒಂದರದ್ದೇ ರೋಗ ಅಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಗಾರ್ಡನ್ ಪೆನಿಕುಕ್ ಅನ್ನವರು ಮತ್ತ ಅವರ ಜೋಡಿದಾರರು 2015ರಾಗ ಇದರ ಮ್ಯಾಲೆ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಭಾರಿ ಭಾರಿ ಶಬ್ದ ತಗೊಂಡು, ಕಂಪ್ಯೂಟರ್ ಚೀಟಿ ಎತ್ತಿದಂಗ ಜೋಡಿಸಿದ ವಾಕ್ಯ ಅವು. ವ್ಯಾಕರಣ ಸರಿ, ಅರ್ಥ ಸೊನ್ನಿ. ಎಷ್ಟು ಆಳದ ಮಾತು, 1ರಿಂದ 5ರ ತನಕ ಅಂಕ ಕೊಡ್ರಿ ಅಂದ್ರ, ಸುಮಾರು ಕಾಲುಭಾಗ ಮಂದಿ ಸರಾಸರಿ 3 ಅಥವಾ ಅದಕ್ಕೂ ಹೆಚ್ಚು ಕೊಟ್ಟಿದ್ರು. ನಿಂತು ವಿಚಾರ ಮಾಡೋ ರೂಢಿ ಇದ್ದವರು ಕಡಿಮಿ ಕೊಟ್ಟಿದ್ರು.

“ಕೇಳಿದ್ರ ಏನ್ ಗಂಟು ಹೋಗ್ತದ?” ಅಂತೀರಿ. ನಮ್ಮ ಮೌಶಿಗೆ ಸಕ್ಕರಿ ಬ್ಯಾನಿ. “ರೋಗ ದೇಹದ್ದಲ್ಲ, ವಿಚಾರದ್ದು” ಅನ್ನೋ ಮಾತು ಕೇಳಿ ಮೂರು ತಿಂಗಳು ಗುಳಿಗಿ ಬಿಟ್ಲು. ಕಾಲಿಗಾದ ಗಾಯ ಮಾಯಲಿಲ್ಲ. ಕಡೀಕ ಎರಡು ಬೆರಳು ತಗಸಬೇಕಾತು. “ಯಾಕ ನಂಬಿದಿ ಮೌಶಿ?” ಅಂದ್ರ, “ನನಗ ಪೂರಾ ತಿಳೀಲಿಲ್ಲವಾ, ಅದಕ್ಕ ಏನೋ ದೊಡ್ಡ ಮಾತು ಇರಬೇಕು ಅನ್ಕೊಂಡೆ” ಅಂದ್ಲು.

ನನಗ ಸಿಟ್ಟು ಬರೂದು ಇಲ್ಲೇ. ಸಣ್ಣವರಿದ್ದಾಗಿಂದ ನಮಗ “ನಿಮಗೇನ್ ತಿಳೀತದ, ಸುಮ್ನಿರ್ರಿ” ಅಂತ ಹೇಳಿ ಹೇಳಿ ಇಟ್ಟಾರ. ಹಿಂಗಾಗಿ ತಿಳೀಲಿಲ್ಲ ಅಂದ್ರ ತಪ್ಪು ನಮ್ಮದೇ ಅನಸ್ತದ. ಹೇಳಿದವರದೂ ಇರಬಹುದು ಅಂತ ಹೊಳಿಯೂದೇ ಇಲ್ಲ.

ಹಂಗಾದ್ರ ಅಲ್ಲಮಪ್ರಭುಗಳ ಬೆಡಗಿನ ವಚನ ಏನು ಅಂತ ಯಾರರೆ ಕೇಳ್ತೀರಿ. ಅವೂ ಒಮ್ಮೆಲೆ ತಿಳಿಯೂದಿಲ್ಲ, ಖರೆ. ಆದ್ರ ಅವು ಒಗಟು ಇದ್ದಂಗ. ತಿಳದವರು ಕುಂತು ಗಂಟು ಬಿಚ್ಚಿ ಹೇಳ್ತಾರ, ಒಳಗ ತಿರುಳು ಸಿಗತದ. “ಅನುಭವಕ್ಕ ಬರಬೇಕು” ಅಂತ ಅಷ್ಟಕ್ಕೇ ಕೈ ಝಾಡಿಸೂದಿಲ್ಲ.

ಸಂತ್ಯಾಗ ಕಾಲ್ ಕಿಲೋ ಬದನಿಕಾಯಿ ತಗೋಬೇಕಾದ್ರ ಒಂದೊಂದೂ ಹೊಳ್ಳಿಸಿ ಹುಳುಕು ನೋಡ್ತೀವಿ. ಜೀವಕ್ಕ ಸಂಬಂಧಪಟ್ಟ ಮಾತು ಮಾತ್ರ ನೋಡದನ ಚೀಲಕ್ಕ ಹಾಕ್ಕೋತೀವಿ. ಸಾಕು ಮಾಡೂಣು. ಮುಂದಿನ ಶುಕ್ರವಾರ ನಾನು ಮತ್ತ ಕೇಳಾಕಿನೇ, “ಅಂದ್ರ ಏನ್ರಿ?” ನನ್ನ ಜೋಡಿ ಇನ್ನೊಬ್ಬರರೆ ಕೇಳ್ರಿ.