ಕಾಣೆಯಾದ ಚಾರ್ಟು, ಸುಳ್ಳಾಡುವ ಚಾರ್ಟು

ಈ ಬಾರಿ ಅಂಚೆಯಲ್ಲಿ ಬಂದ ಒಂದು ಪತ್ರವನ್ನು ಓದುಗ ಬಂಧುಗಳ ಮುಂದಿಟ್ಟು ಮಾತು ಆರಂಭಿಸುತ್ತೇನೆ. ಬರೆದವರು ಒಬ್ಬ ತಾಯಿ. ತಮ್ಮ ಊರಿನ ಸ್ವಸಹಾಯ ಸಂಘದ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನೋಡಿಕೊಂಡು ಬಂದವರು. ವಾರ್ಷಿಕ ಸಭೆಗೆಂದು ಬೆಂಗಳೂರಿನಲ್ಲಿರುವ ಅವರ ಮಗಳು ಎಕ್ಸೆಲ್ ಹಾಳೆಯೊಂದನ್ನು ಸಿದ್ಧಪಡಿಸಿ, ಆರಂಭದ ಶಿಲ್ಕು, ಉಳಿತಾಯದ ಜಮೆ, ಕೊಟ್ಟ ಸಾಲ, ಬಂದ ಬಡ್ಡಿ, ಕೊನೆಯ ಶಿಲ್ಕು ಇವೆಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವಂತೆ ಕಾಣಿಸುವ ಚಾರ್ಟೊಂದನ್ನು ಮಾಡಿ ಕಳುಹಿಸಿದ್ದಳು. ಊರಿನ ಹಳೆಯ ಗಣಕಯಂತ್ರದಲ್ಲಿ ಅದನ್ನು ತೆರೆದರೆ ಚಾರ್ಟು ಇರಬೇಕಾದ ಜಾಗದಲ್ಲಿ ಬಿಳಿಯ ಚೌಕವೊಂದು, ಅದರೊಳಗೆ ಇಂಗ್ಲಿಷಿನ ಎರಡು ವಾಕ್ಯಗಳು. "ಅಂಕಿಗಳೆಲ್ಲ ಇದ್ದವು, ಚಿತ್ರ ಮಾತ್ರ ಇರಲಿಲ್ಲ. ಸಭೆಗೆ ಬಂದ ಅಕ್ಕಂದಿರಲ್ಲಿ ಅನೇಕರಿಗೆ ಅಂಕಿಗಳ ಸಾಲು ಓದಲು ಬಾರದು. ಚಿತ್ರ ಕಂಡಿದ್ದರೆ ತಮ್ಮ ಹಣ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ತಿಳಿಯುತ್ತಿತ್ತು. ಕಾಣದಿದ್ದುದರಿಂದ ಲೆಕ್ಕದ ಮೇಲೆಯೇ ಸಂಶಯ ಬಂದಿತು" ಎಂದು ಅವರು ನೊಂದು ಬರೆದಿದ್ದಾರೆ.

ಮೊದಲು ಆ ತಾಯಿಗೆ ಸಮಾಧಾನದ ಮಾತು. ಕಡತ ಕೆಟ್ಟಿಲ್ಲ, ಮಗಳೂ ತಪ್ಪಿಲ್ಲ. ಮೆಟ್ಟಿಲಿನಂತೆ ಏರಿಳಿಯುವ ಈ ಬಗೆಗೆ ವಾಟರ್‌ಫಾಲ್ ಚಾರ್ಟ್ ಎಂದು ಹೆಸರು. ಇದೂ ಇದರ ಜೊತೆಗೆ ಹಿಸ್ಟೋಗ್ರಾಮ್, ಟ್ರೀಮ್ಯಾಪ್ ಮೊದಲಾದ ಇನ್ನೂ ಕೆಲವು ಬಗೆಗಳೂ ಎಕ್ಸೆಲ್‌ನ 2016ರ ಆವೃತ್ತಿಯಲ್ಲಿ ಹೊಸದಾಗಿ ಸೇರಿದವು. 2013ರ ಅಥವಾ ಅದಕ್ಕೂ ಹಿಂದಿನ ಆವೃತ್ತಿಗೆ ಇವುಗಳ ಪರಿಚಯವೇ ಇಲ್ಲ. ಚೌಕದೊಳಗಿನ ಇಂಗ್ಲಿಷ್ ವಾಕ್ಯಗಳು ಹೇಳುವುದೂ ಇದನ್ನೇ: ಈ ಚಾರ್ಟು ನಿಮ್ಮ ಆವೃತ್ತಿಯಲ್ಲಿ ಲಭ್ಯವಿಲ್ಲ, ಈ ಚೌಕವನ್ನು ತಿದ್ದಿದರೆ ಅಥವಾ ಕಡತವನ್ನು ಬೇರೊಂದು ಬಗೆಯಲ್ಲಿ ಉಳಿಸಿದರೆ ಚಾರ್ಟು ಶಾಶ್ವತವಾಗಿ ಮುರಿದುಹೋಗುತ್ತದೆ. ಎರಡನೆಯ ವಾಕ್ಯವನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ಗಾಬರಿಯಿಂದ ಅಲ್ಲಿ ಇಲ್ಲಿ ಒತ್ತಿ, ಸೇವ್ ಮಾಡಿ, ಅದೇ ಕಡತವನ್ನು ಮಗಳಿಗೆ ಹಿಂದಿರುಗಿಸುತ್ತಾರೆ. ಆಗ ಅವಳ ಹೊಸ ಗಣಕದಲ್ಲಿಯೂ ಚಾರ್ಟು ಇರುವುದಿಲ್ಲ. ಆದುದರಿಂದ ಬಂದ ಕಡತವನ್ನು ಮುಟ್ಟುವ ಮುನ್ನ ಅದರ ಪ್ರತಿಯೊಂದನ್ನು ತೆಗೆದಿಡುವುದು ಮೊದಲ ಕೆಲಸ.

ಇಷ್ಟಾದರೂ ಈ ತಾಯಿಗೆ ಒದಗಿದ್ದು ತೊಂದರೆಗಳಲ್ಲಿಯೇ ಒಳ್ಳೆಯ ತೊಂದರೆ ಎಂದು ನಾನು ಭಾವಿಸುತ್ತೇನೆ. ಕಾಣೆಯಾದ ಚಾರ್ಟು ತಾನು ಕಾಣೆಯಾಗಿದ್ದೇನೆಂದು ಹೇಳುತ್ತದೆ. ಅಂದವಾಗಿ ಮೂಡಿಬಂದು, ಬಣ್ಣಬಣ್ಣದ ಕಂಬಗಳನ್ನು ನಿಲ್ಲಿಸಿಕೊಂಡು, ತಪ್ಪು ಸಂಗತಿಯನ್ನು ಹೇಳುವ ಚಾರ್ಟುಗಳೂ ಇವೆ; ಹೆದರಬೇಕಾದದ್ದು ಅವುಗಳಿಗೆ.

ಇದಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವಿದೆ. ಎಕ್ಸೆಲ್ ಕಡತಗಳಲ್ಲಿ ಎರಡು ತಲೆಮಾರುಗಳುಂಟು. ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್‌ಎಸ್ ಎಂದಿರುವುದು ಹಳೆಯದು. 2007ರ ಆವೃತ್ತಿಯೊಡನೆ ಬಂದ, ಕೊನೆಯಲ್ಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಎಂದಿರುವುದು ಹೊಸದು. ಹಳೆಯ ಹಾಳೆಯಲ್ಲಿ 65,536 ಅಡ್ಡಸಾಲುಗಳು, 256 ಕಂಬಸಾಲುಗಳು; ಅಷ್ಟಕ್ಕೇ ಅದರ ಹೊಟ್ಟೆ ತುಂಬಿತು. ಹೊಸದರಲ್ಲಿ 10,48,576 ಅಡ್ಡಸಾಲುಗಳು, 16,384 ಕಂಬಸಾಲುಗಳು. ಕೊರೋನಾ ಹಾವಳಿಯ 2020ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಬಗೆಯ ಕಡತಗಳಿಗೆ ತುಂಬಿಕೊಳ್ಳುತ್ತಿತ್ತು. ಒಬ್ಬೊಬ್ಬ ರೋಗಿಯ ವಿವರಕ್ಕೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಕಡತದಲ್ಲಿ ಸುಮಾರು 1,400 ಜನರ ವಿವರವಷ್ಟೇ ಹಿಡಿಯುತ್ತಿತ್ತು. ಅದಕ್ಕೆ ಮೀರಿ ಬಂದವರ ಹೆಸರುಗಳು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಬಿಟ್ಟುಹೋದವರು 15,841 ಮಂದಿ. ಆ ದಿನಗಳಲ್ಲಿ ಪ್ರಕಟವಾದ ದೈನಂದಿನ ಸಂಖ್ಯೆಗಳು ಇದ್ದುದಕ್ಕಿಂತ ಕಡಿಮೆಯಾಗಿದ್ದವು. ಆ ಸಂಖ್ಯೆಗಳಿಂದ ಬರೆದ ಗೆರೆಯೂ ಅಷ್ಟೇ ತಗ್ಗಿ ನಿಲ್ಲಬೇಕಾಯಿತು. ರೋಗಿಗಳಿಗೆ ತಮ್ಮ ಫಲಿತಾಂಶ ತಿಳಿದಿತ್ತು ನಿಜ. ಆದರೆ ಅವರ ಸಂಪರ್ಕಕ್ಕೆ ಬಂದಿದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಗೆರೆ ನುಣುಪಾಗಿಯೇ ಇದ್ದರೆ ನೋಡಿದವರಿಗೆ ಸಂಶಯ ಬರುವುದಾದರೂ ಹೇಗೆ?

ನಮ್ಮ ಮನೆಗಳ ಲೆಕ್ಕ ಅರವತ್ತು ಸಾವಿರ ಸಾಲಿಗೆ ಮುಟ್ಟಲಾರದು. ನಮ್ಮನ್ನು ಕಾಡುವುದು ತಾರೀಖು.

ತಾರೀಖನ್ನು ಎಕ್ಸೆಲ್ ತಾರೀಖಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದು ಎಂದು ಹಿಡಿದು, ಅಲ್ಲಿಂದ ಎಷ್ಟನೆಯ ದಿನವೆಂಬ ಎಣಿಕೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಈ ಎಣಿಕೆಯಲ್ಲಿ ಒಂದು ವಿನೋದವಿದೆ. 1900 ಅಧಿಕ ವರ್ಷವಲ್ಲ. ನಾಲ್ಕುನೂರರಿಂದ ಭಾಗವಾಗದ ಶತಮಾನವರ್ಷಕ್ಕೆ ಫೆಬ್ರವರಿ 29 ಇರುವುದಿಲ್ಲ. ಆದರೆ 1983ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ 1-2-3 ಎಂಬ ತಂತ್ರಾಂಶವು ಅದನ್ನು ಅಧಿಕ ವರ್ಷವೆಂದೇ ಎಣಿಸಿತು. ಅನಂತರ ಬಂದ ಎಕ್ಸೆಲ್, ಲೋಟಸ್ ಕಡತಗಳೊಡನೆ ಹೊಂದಿಕೊಂಡು ಹೋಗಬೇಕೆಂಬ ಕಾರಣಕ್ಕೆ ಆ ತಪ್ಪನ್ನು ತಿಳಿದೂ ಉಳಿಸಿಕೊಂಡಿತು. ಇಂದಿಗೂ ಒಂದು ಸೆಲ್‌ನಲ್ಲಿ 60 ಎಂದು ಬರೆದು ತಾರೀಖಿನ ರೂಪ ಕೊಟ್ಟು ನೋಡಿ. ಪ್ರಪಂಚದಲ್ಲಿ ಎಂದೂ ಆಗಿಹೋಗದ 1900ರ ಫೆಬ್ರವರಿ 29 ಎದುರಿಗೆ ನಿಲ್ಲುತ್ತದೆ. ಓಲೆಗರಿಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಇದು ಹೊಸತಲ್ಲ. ಒಬ್ಬ ಲಿಪಿಕಾರ ಕಣ್ತಪ್ಪಿ ಬರೆದ ಅಕ್ಷರವನ್ನು ಮುಂದಿನವನು ಗುರುಭಕ್ತಿಯಿಂದ ಹಾಗೆಯೇ ಪ್ರತಿಮಾಡಿರುತ್ತಾನೆ.

ಆದರೆ ಇದೇ ಎಕ್ಸೆಲ್ 1985ರಲ್ಲಿ ಮೊದಲು ಹುಟ್ಟಿದ್ದು ಮ್ಯಾಕಿಂಟಾಷ್ ಯಂತ್ರಕ್ಕಾಗಿ. ಅಲ್ಲಿ ಎಣಿಕೆ ಆರಂಭವಾಗುತ್ತಿದ್ದುದು 1904ರಿಂದ. ಎರಡು ಎಣಿಕೆಗಳ ನಡುವಿನ ಅಂತರ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ. 2011ರ ಆವೃತ್ತಿಯಿಂದ ಮ್ಯಾಕ್‌ನಲ್ಲಿಯೂ 1900ರ ಎಣಿಕೆಯೇ ವಾಡಿಕೆಯಾಗಿದೆ. ಅದಕ್ಕೂ ಹಿಂದಿನ ಮ್ಯಾಕ್ ಕಡತದಿಂದ ತಾರೀಖುಗಳನ್ನು ನಿಮ್ಮ ಕಡತಕ್ಕೆ ಪ್ರತಿಮಾಡಿಕೊಂಡರೆ ಎಲ್ಲವೂ ನಾಲ್ಕು ವರ್ಷ ಹಿಂದಕ್ಕೆ ಸರಿದು ಕೂರುತ್ತವೆ. ಚಾರ್ಟಿನ ಗೆರೆಯ ಆಕಾರ ಕೂದಲೆಳೆಯಷ್ಟೂ ಬದಲಾಗದು, ಕೆಳಗಿನ ವರ್ಷಗಳು ಮಾತ್ರ ತಪ್ಪು. ಒಂದು ಸೆಲ್‌ನಲ್ಲಿ 1462 ಎಂದು ಬರೆದು ಕಾಪಿ ಮಾಡಿ, ತಾರೀಖುಗಳ ಮೇಲೆ ಪೇಸ್ಟ್ ಸ್ಪೆಷಲ್‌ನ ಆ್ಯಡ್ ಎಂಬುದನ್ನು ಬಳಸಿದರೆ ಅವು ಸ್ವಸ್ಥಾನಕ್ಕೆ ಮರಳುತ್ತವೆ.

ಇದಕ್ಕಿಂತ ಸಾಮಾನ್ಯವೂ ಅಪಾಯಕರವೂ ಆದದ್ದು ಇನ್ನೊಂದು. ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಕೊಂಡಾಗ ಇದ್ದ ಅಮೆರಿಕದ ಕ್ರಮವನ್ನೇ ಉಳಿಸಿಕೊಂಡ ಗಣಕಗಳು ನಮ್ಮಲ್ಲಿ ಇನ್ನೂ ಇವೆ. ಅಂಥದರಲ್ಲಿ ಬ್ಯಾಂಕಿನಿಂದ ಬಂದ ಸಿಎಸ್‌ವಿ ಕಡತವನ್ನು ತೆರೆದಾಗ ಏನಾಗುತ್ತದೆ ನೋಡಿ. 1/4/2023 ಎಂಬುದು ಏಪ್ರಿಲ್ 1 ಆಗದೆ ಜನವರಿ 4 ಆಗುತ್ತದೆ. 2/4 ಫೆಬ್ರವರಿ 4 ಆಗುತ್ತದೆ. ಹೀಗೆ ಏಪ್ರಿಲ್ ತಿಂಗಳ ಮೊದಲ ಹನ್ನೆರಡು ದಿನಗಳು ವರ್ಷದ ಹನ್ನೆರಡು ತಿಂಗಳುಗಳಿಗೆ ಚದುರಿಹೋಗುತ್ತವೆ. 13/4ಕ್ಕೆ ಬಂದಾಗ ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಎಕ್ಸೆಲ್ ಅದನ್ನು ತಾರೀಖೆಂದು ಒಪ್ಪದೆ ಬರಿಯ ಅಕ್ಷರಗಳಾಗಿ ಬಿಟ್ಟುಬಿಡುತ್ತದೆ. ಒಂದೇ ತಿಂಗಳ ಜಮಾಖರ್ಚಿನ ಚಾರ್ಟು ಒಂದು ವರ್ಷದ ಉದ್ದಕ್ಕೂ ಹರಡಿ ನಿಲ್ಲುವುದು ಹೀಗೆ. ಗುರುತು ಹಿಡಿಯುವುದು ಸುಲಭ: ನಾವಾಗಿ ಬದಲಿಸದಿದ್ದರೆ ನಿಜವಾದ ತಾರೀಖು ಸೆಲ್‌ನ ಬಲಕ್ಕೆ ಒರಗುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ. ಒಂದೇ ಕಂಬಸಾಲಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ಒರಗಿದ್ದರೆ ಚಾರ್ಟನ್ನು ನಂಬಬೇಡಿ. ಸೆಲ್‌ಗಳನ್ನು ತಿದ್ದಲು ಕೂರಬೇಡಿ. ಗಣಕದ ರೀಜನ್ ವ್ಯವಸ್ಥೆಯನ್ನು ಭಾರತಕ್ಕೆ ಬದಲಿಸಿ ಮೂಲ ಕಡತವನ್ನು ಮತ್ತೆ ತೆರೆಯಿರಿ. ನೀವೇ ಹೊಸದಾಗಿ ಬರೆಯುವಾಗ ವರ್ಷವನ್ನು ಮೊದಲಿಟ್ಟು 2023-04-01 ಎಂದು ಬರೆದರೆ ಈ ಗೊಂದಲವೇ ಇಲ್ಲ.

ಅಂಕಿಗಳಿಗೂ ಇದೇ ಪರೀಕ್ಷೆ. ಬೇರೆಡೆಯಿಂದ ತಂದ ಅಂಕಿಗಳು ಕೆಲವೊಮ್ಮೆ ಅಕ್ಷರರೂಪದಲ್ಲಿ ಬಂದು ಎಡಕ್ಕೆ ಒರಗಿರುತ್ತವೆ; ಸೆಲ್‌ನ ಮೂಲೆಯಲ್ಲಿ ಸಣ್ಣ ಹಸುರು ತ್ರಿಕೋನವೂ ಕಾಣಬಹುದು. ಕಣ್ಣಿಗೆ ಐದು ಸಾವಿರವೆಂದೇ ಕಂಡರೂ ಚಾರ್ಟು ಅದನ್ನು ಸೊನ್ನೆಯೆಂದು ಬರೆಯುತ್ತದೆ. ಹಾಗೆಯೇ, ಹಾಳೆಯಲ್ಲಿ ಮರೆಮಾಡಿದ ಸಾಲುಗಳನ್ನು ಚಾರ್ಟು ವಾಡಿಕೆಯಾಗಿ ಬಿಟ್ಟೇ ಬಿಡುತ್ತದೆಯೆಂಬುದೂ ನೆನಪಿರಲಿ. ಮತ್ತೆ ಕೆಲವರು 2021, 2022, 2023 ಎಂಬ ವರ್ಷಗಳೇ ಎತ್ತರದ ಕಂಬಗಳಾಗಿ ಎದ್ದುನಿಂತು ತಮ್ಮ ಅಂಕಿಗಳು ಅವುಗಳ ಕಾಲಬಳಿ ಕುಬ್ಜವಾಗಿ ಕಾಣುತ್ತವೆಂದು ದೂರುತ್ತಾರೆ. ವರ್ಷವೂ ಒಂದು ಅಂಕಿಯಾದುದರಿಂದ ಯಂತ್ರ ಮೋಸಹೋಗುತ್ತದೆ, ಅಷ್ಟೆ. ವರ್ಷಗಳ ತಲೆಯ ಮೇಲಿನ ಮೂಲೆಯ ಸೆಲ್ ಅನ್ನು ಖಾಲಿ ಬಿಟ್ಟು ಚಾರ್ಟು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕನ್ನಡಿಗರಾದ ನಮಗೇ ವಿಶೇಷವಾದ ತೊಡಕೂ ಒಂದಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಮುಂತಾದ ಭಾಷೆಗಳ ಅಕ್ಷರಸ್ಥಾನಗಳಲ್ಲಿ ಕೂರಿಸಲಾಗಿತ್ತು. ಯಂತ್ರದ ದೃಷ್ಟಿಯಲ್ಲಿ ಅದು ಕನ್ನಡವೇ ಅಲ್ಲ. ಆ ಅಕ್ಷರಶೈಲಿಯ ವೇಷ ಇರುವವರೆಗೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಸೆಲ್‌ನಲ್ಲಿ "ಉಳಿತಾಯ" ಎಂದು ಸರಿಯಾಗಿಯೇ ಕಾಣುವ ಪದವನ್ನು ಚಾರ್ಟಿಗೆ ತೆಗೆದುಕೊಂಡಾಗ, ಚಾರ್ಟು ಸೆಲ್‌ನ ಅಕ್ಷರಶೈಲಿಯನ್ನು ತಾನಾಗಿ ತೆಗೆದುಕೊಳ್ಳದು. ಆದುದರಿಂದ ಕಂಬಗಳ ಕೆಳಗೆ ಕೊಂಬು ಬಾಲಗಳಿರುವ ರೋಮನ್ ಅಕ್ಷರಗಳು ಮೂಡುತ್ತವೆ. ಕಡತ ಕೆಟ್ಟಿತೆಂದು ಅಳಿಸಿಹಾಕಿದವರನ್ನು ನಾನು ಬಲ್ಲೆ. ಚಾರ್ಟನ್ನು ಒಮ್ಮೆ ಒತ್ತಿ ಅದಕ್ಕೂ ಅದೇ ಅಕ್ಷರಶೈಲಿಯನ್ನು ಕೊಟ್ಟರೆ ಕನ್ನಡ ಮರಳುತ್ತದೆ. ಆದರೆ ಆ ಅಕ್ಷರಶೈಲಿ ಇಲ್ಲದ ಇನ್ನೊಂದು ಗಣಕಕ್ಕೆ ಹೋದೊಡನೆ ಅದೇ ಪಾಡು. ಶಾಶ್ವತವಾದ ಪರಿಹಾರ ಯೂನಿಕೋಡ್ ಒಂದೇ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಬಂದಿತು. ಹಳೆಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಸಿಗುತ್ತವೆ. ಇಷ್ಟೆಲ್ಲ ಅನುಕೂಲವಿದ್ದೂ ಇಂದಿಗೂ ಹಳೆಯ ಅಕ್ಷರಶೈಲಿಯಲ್ಲೇ ಹೊಸ ಲೆಕ್ಕ ಬರೆಯುವವರ ಬಗ್ಗೆ ನನಗೆ ತುಸು ಸಿಟ್ಟೇ ಇದೆ.

ನಿಜವಾಗಿಯೇ ಕಡತ ಕೆಟ್ಟು ತೆರೆಯದೆ ಹೋದರೆ ಒಂದು ಉಪಾಯವುಂಟು. ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವು ವಾಸ್ತವವಾಗಿ ಒಂದು ಗಂಟು. ಅದರೊಳಗೆ ಹಲವು ಸಣ್ಣ ಕಡತಗಳನ್ನು ಜಿಪ್ ಮಾಡಿ ಕಟ್ಟಿರುತ್ತಾರೆ. ಪ್ರತಿಯೊಂದನ್ನು ತೆಗೆದು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ, ಎಕ್ಸ್‌ಎಲ್ ಎಂಬ ಫೋಲ್ಡರಿನೊಳಗೆ ಚಾರ್ಟ್ಸ್ ಎಂಬ ಇನ್ನೊಂದು ಫೋಲ್ಡರು ಸಿಗಬಹುದು. ಸಾದಾ ಚಾರ್ಟೊಂದು ಕೊನೆಯ ಸಲ ಬರೆದುಕೊಂಡ ಅಂಕಿಗಳು ಅಲ್ಲಿ ಓದಬಹುದಾದ ಅಕ್ಷರಗಳಲ್ಲಿಯೇ ಇರುತ್ತವೆ. ಗಂಟು ಬಿಚ್ಚಲು ಬಂದರೆ ಹಾಳೆ ಹೋದರೂ ಚಾರ್ಟಿನಿಂದ ಅಂಕಿಗಳನ್ನು ಮರಳಿ ಪಡೆಯುವುದು ಸಾಧ್ಯ. ಚಾರ್ಟೆಂಬುದು ಚಿತ್ರವಲ್ಲ, ಅಂಕಿಗಳ ಹೇಳಿಕೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಪತ್ರ ಬರೆದ ತಾಯಿಗೆ. ತಾವು ಹೊಸ ಎಕ್ಸೆಲ್ ಕೊಳ್ಳಬೇಕೆ ಎಂದು ಕೇಳಿದ್ದೀರಿ, ಇದೊಂದಕ್ಕಾಗಿ ಬೇಡ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಎರಡೂ ತಲೆಮಾರಿನ ಎಕ್ಸೆಲ್ ಕಡತಗಳನ್ನು ತೆರೆಯುತ್ತದೆಯಾದರೂ ಈ ಮೆಟ್ಟಿಲು ಚಾರ್ಟಿನ ವಿಷಯದಲ್ಲಿ ಅದರ ಮೇಲೆ ಭಾರ ಹಾಕಬೇಡಿ. ಮೂಲ ಕಡತ ಮಗಳ ಬಳಿ ಇದ್ದೇ ಇರುತ್ತದೆ. ಅವಳು ಅದನ್ನು ತೆರೆದು, ಚಾರ್ಟನ್ನು ಕಾಪಿ ಮಾಡಿ, ಪಕ್ಕದಲ್ಲಿ ಪಿಕ್ಚರ್ ರೂಪದಲ್ಲಿ ಅಂಟಿಸಲಿ. ಅದು ಎಂಥ ಹಳೆಯ ಆವೃತ್ತಿಯಲ್ಲಿಯೂ ಕಾಣುತ್ತದೆ. ಚಿತ್ರವಾದ ಮೇಲೆ ಅಂಕಿ ಬದಲಾದರೂ ಅದು ಬದಲಾಗದು. ಆದುದರಿಂದ ಅದರ ಕೆಳಗೆ ಮಾಡಿದ ತಾರೀಖನ್ನು ಬರೆಸಿ. ವರ್ಷವರ್ಷವೂ ತಾವೇ ತಿದ್ದುವಂತಿರಬೇಕಾದರೆ, ಒಂದರ ಮೇಲೊಂದು ಕೂರುವ ಸಾದಾ ಕಂಬದ ಚಾರ್ಟನ್ನು ಮಾಡಿ ಕೆಳಗಿನ ಭಾಗಕ್ಕೆ ಬಣ್ಣವಿಲ್ಲದಂತೆ ಮಾಡಲು ಹೇಳಿ. ಮೇಲಿನ ಭಾಗಗಳು ಗಾಳಿಯಲ್ಲಿ ನಿಂತ ಮೆಟ್ಟಿಲುಗಳಂತೆಯೇ ಕಾಣುತ್ತವೆ, ಹಳೆಯ ಎಕ್ಸೆಲ್‌ಗೂ ಅದು ಅರ್ಥವಾಗುತ್ತದೆ. ಮುಂದಿನ ಸಭೆಗೆ ಅದನ್ನು ಕಾಗದದ ಮೇಲೆ ಮುದ್ರಿಸಿಯೂ ಒಯ್ಯಿರಿ. ಒಂದೊಂದು ಮೆಟ್ಟಿಲಿನ ಮೊತ್ತವನ್ನು ಪಾಸುಬುಕ್ಕಿನೊಡನೆ ತಾಳೆ ನೋಡಿ, ಅಕ್ಕಂದಿರ ಕೈಗೇ ಕೊಡಿ.